ಕೆಲವು ವಿಮಾನಗಳಿಗೆ ಯಾಕಷ್ಟು ಸದ್ದು?

ಬೆಂಗಳೂರಿಂದ ಎಟಿಆರ್‌ನಲ್ಲೂ ಹೋಗಿ, ಎ320 ನಿಯೋದಲ್ಲೂ ಹೋಗಿದ್ರೆ ಸದ್ದಿನ ವ್ಯತ್ಯಾಸ ನಿಮಗೆ ಗೊತ್ತಿರುತ್ತೆ. ನಾನು ಓದಿದ್ದು ಬಿ.ಕಾಂ. ಆದ್ರೆ ಈ ಸದ್ದಿನ ಲೆಕ್ಕವೂ ಕೊನೆಗೆ ಖರ್ಚಿನ ಲೆಕ್ಕಕ್ಕೇ ಬಂದು ನಿಲ್ಲುತ್ತೆ. ಹೇಗೆ ಅಂತ ಇವತ್ತು ನೋಡೋಣ.

ಜೆಟ್ ಎಂಜಿನ್ ಗಾಳಿಯನ್ನ ಹಿಂದಕ್ಕೆ ತಳ್ಳುತ್ತೆ, ವಿಮಾನ ಮುಂದಕ್ಕೆ ಹೋಗುತ್ತೆ. ಸ್ವಲ್ಪ ಗಾಳಿಯನ್ನ ಭಾರಿ ವೇಗವಾಗಿ ತಳ್ಳಬಹುದು, ಇಲ್ಲವೇ ತುಂಬ ಗಾಳಿಯನ್ನ ನಿಧಾನವಾಗಿ ತಳ್ಳಬಹುದು. ಗದ್ದಲ ಇರೋದು ಮೊದಲನೇ ದಾರಿಯಲ್ಲಿ. ಜೆಟ್ಟಿನ ವೇಗ ಎರಡು ಪಟ್ಟಾದ್ರೆ ಅದರ ಸದ್ದಿನ ಶಕ್ತಿ ಸುಮಾರು 256 ಪಟ್ಟಾಗುತ್ತೆ! ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲೇ ಕೊಟ್ಟ ಸೂತ್ರ ಇದು.

ಹಳೇ ಬೋಯಿಂಗ್ 737-200ರ ಎಂಜಿನ್ ಸಪೂರ ಕೊಳವೆ ಥರ ಇತ್ತು. ಅದರ ಒಳಭಾಗದಲ್ಲಿ ಉರಿಗೆ ಹೋಗೋ ಗಾಳಿ ಒಂದು ಪಾಲಾದ್ರೆ, ಸುತ್ತ ಹಾದು ಹೋಗೋದೂ ಹೆಚ್ಚುಕಮ್ಮಿ ಒಂದೇ ಪಾಲು. ನಿಯೋದ ದೊಡ್ಡ ಫ್ಯಾನಿನ ಎಂಜಿನ್‌ಗಳಲ್ಲಿ ಈ ಸುತ್ತಿನ ಗಾಳಿ 11–12 ಪಾಲು. ಇದರಿಂದ ಇಂಧನವೂ ಉಳಿಯುತ್ತೆ. ಕಂಪನಿಗಳು ಕೊಂಡಿದ್ದು ಮುಖ್ಯವಾಗಿ ಆ ಉಳಿತಾಯಕ್ಕೆ. ಮೌನ ಅದರ ಜೊತೆ ಬಂತು.

ಹಾಗಾದ್ರೆ ಎಟಿಆರ್? ಅದೂ ಇಂಧನ ಉಳಿಸುತ್ತೆ. ಆದ್ರೆ ಪ್ರೊಪೆಲರ್ ರೆಕ್ಕೆಗಳ ತುದಿ ಕ್ಯಾಬಿನ್ ಗೋಡೆಯ ಪಕ್ಕದಲ್ಲೇ ಬೀಸುತ್ತೆ, ಆ ಬಡಿತ ನೇರ ಒಳಗೆ ಬರುತ್ತೆ. ಅದಕ್ಕೇ ಎಟಿಆರ್‌ನಲ್ಲಿ ಹಿಂದಿನ ಸೀಟು ವಾಸಿ. ಜೆಟ್‌ನಲ್ಲಾದ್ರೆ ರೆಕ್ಕೆಗಿಂತ ಮುಂದಿನ ಸೀಟು ತಗೊಳ್ಳಿ.

ಇನ್ನು ಇಳಿಯೋವಾಗಿನ ಸದ್ದು. ಆಗ ಎಂಜಿನ್ ತಣ್ಣಗಿರುತ್ತೆ. ಚಕ್ರ, ಫ್ಲ್ಯಾಪ್‌ಗಳಿಗೆ ಗಾಳಿ ಬಡಿದೇ ಗದ್ದಲ. ಎ320 ಗುಂಪಿನ ವಿಮಾನಗಳ ರೆಕ್ಕೆಯಡಿ ದುಂಡನೆ ತೂತುಗಳಿವೆ. ಖಾಲಿ ಬಾಟಲಿ ಬಾಯಿಗೆ ಊದಿದ ಹಾಗೆ ಅವು ಸಿಳ್ಳೆ ಹಾಕ್ತವೆ. ತೂತಿನ ಮುಂದೆ ಒಂದು ಪುಟ್ಟ ಲೋಹದ ತುಂಡು ಕೂರಿಸಿದ್ರೆ ಸಿಳ್ಳೆ ಅಡಗುತ್ತೆ. ಜರ್ಮನಿಯ ಲುಫ್ತಾನ್ಸಾ 2014ರಿಂದ ತನ್ನ ವಿಮಾನಗಳಿಗೆ ಇದನ್ನ ಹಾಕಿಸಿತು.

ನನಗೆ ಮುಖ್ಯ ಅನಿಸೋದು ಈ ತುಂಡೇ. ಇದರಿಂದ ಒಂದು ಹನಿ ಇಂಧನವೂ ಉಳಿಯಲ್ಲ. ಲಾಭ ಪೂರ್ತಿ ಕೆಳಗೆ ಮನೆ ಮಾಡ್ಕೊಂಡಿರೋರಿಗೆ, ಅವರೋ ಟಿಕೆಟ್ ತಗೊಂಡವರಲ್ಲ. ಇಂಧನದ ಜೊತೆ ಬರೋ ಮೌನ ತಾನಾಗೇ ಬರುತ್ತೆ. ಉಳಿದ ಮೌನಕ್ಕೆ ನಿಯಮ ಬೇಕು, ಕೇಳೋ ಜನ ಬೇಕು.

ನಿಮ್ಮ ಮನೆ ಮೇಲೆ ವಿಮಾನ ಹಾರುತ್ತಾ? ಯಾವ ಹೊತ್ತಲ್ಲಿ ಸದ್ದು ಜಾಸ್ತಿ? ಬರೆದು ಕಳಿಸಿ. ಮುಂದಿನ ವಾರ ಸಿಗೋಣ.