ಶೀಟಿನ ಸೂರು ಮತ್ತು ಗಾಳಿಯ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

 

ನಾನು ಬಿ.ಇ.ಯಲ್ಲಿ ಓದಿದ್ದು ಸಿವಿಲ್, ಹೊಟ್ಟೆಪಾಡಿಗೆ ಬರೆಯುವುದು ಸಾಫ್ಟ್‌ವೇರ್. ಉಕ್ಕಿನ ಶೆಡ್ಡುಗಳ ಕಂಬ, ತೊಲೆಗಳ ಲೆಕ್ಕ ಹಾಕುವ ಸಾಫ್ಟ್‌ವೇರ್ ಆದ್ದರಿಂದ ಓದು ವ್ಯರ್ಥವಾಗಲಿಲ್ಲ. ಈ ಮಹೋತ್ಸವದ ನೆನಪಿಗೆ ಶಾಲೆಗೊಂದು ಶೀಟಿನ ಊಟದ ಹಾಲ್ ಕಟ್ಟಿಸಬೇಕೆಂದು ನಮ್ಮ ಸಂಘ ಹೊರಟಿದೆ. ಸಂತೋಷ. ಹಣ ಕೊಡುವ ಮೊದಲು ನಾವೆಲ್ಲ ತಿಳಿದಿರಬೇಕಾದ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಹಿರಿಯರು ಮಳೆ ನೋಡಿ ಸೂರು ಕಟ್ಟಿದರು. ಮಳೆ ಕಡಿಮೆಯಿರುವ ಜಗಳೂರು ಸೀಮೆಯಲ್ಲಿ ಮಣ್ಣಿನ ಮಾಳಿಗೆ. ಮಲೆನಾಡಿನ ಸೆರಗಿನ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಇಳಿಜಾರಿನ ಹಂಚಿನ ಮನೆ. ಈಗ ಅಡಿಕೆ ಬೇಯಿಸುವ ಮನೆಯಿಂದ ಮೆಕ್ಕೆಜೋಳದ ಗೋದಾಮಿನವರೆಗೆ ಎಲ್ಲಕ್ಕೂ ಶೀಟು. ಅಲೆಅಲೆಯಾದ ಈ ತಗಡಿಗೆ 1829ರಲ್ಲಿ ಪೇಟೆಂಟ್ ಪಡೆದವರು ಲಂಡನ್ನಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್. ಒಂದು ಹಾಳೆಯನ್ನು ಎರಡು ಪುಸ್ತಕಗಳ ನಡುವೆ ಇಟ್ಟರೆ ಬಾಗುತ್ತದೆ. ಅದನ್ನೇ ಬೀಸಣಿಗೆಯಂತೆ ಮಡಿಚಿಟ್ಟರೆ ಪೆನ್ನನ್ನೂ ಹೊರುತ್ತದೆ. ಶೀಟಿನ ಗುಟ್ಟು ಇಷ್ಟೇ.

ಆದರೆ ಹಂಚಿನ ಸೂರು ಚದರ ಮೀಟರಿಗೆ 40 ಕೆಜಿಗೂ ಹೆಚ್ಚು ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು 5 ಕೆಜಿಯೂ ಇಲ್ಲ. ಗಾಳಿಯ ಲೆಕ್ಕಕ್ಕೆ ನಮ್ಮಲ್ಲಿ ಐಎಸ್ 875 ಎಂಬ ಸಂಹಿತೆಯಿದೆ. ಅದು ಬೆಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಅಂಥ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕೆಜಿ ತೂಕಕ್ಕೆ ಸಮ. ಸೂರಿನ ಮೇಲೆ ಹಾಯುವ ಗಾಳಿ ಶೀಟನ್ನು ಮೇಲಕ್ಕೆ ಹೀರುತ್ತದೆ. ಪಕ್ಕದ ಗೋಡೆ ತೆರೆದಿದ್ದರೆ ಒಳಗಿನಿಂದಲೂ ಎತ್ತುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಶೀಟು ಹಾರುವುದು ಇದಕ್ಕೇ. ಮೇಲೆ ಕಲ್ಲು ಹೇರುವುದು ಪರಿಹಾರವಲ್ಲ; ಶೀಟಿನ ಜೊತೆ ಕಲ್ಲೂ ಬೀಳುತ್ತದೆ.

ಹಾಗಾದರೆ ಹಿಡಿದಿಡುವುದು ಯಾವುದು? ಹಂಚಿನ ಮನೆಯಲ್ಲಿ ರೀಪು, ಗಳ, ತೊಲೆ, ಕಂಬ ಇದ್ದಂತೆ ಇಲ್ಲೂ ಒಂದು ಸರಪಳಿ ಇದೆ. ಶೀಟನ್ನು ಸ್ಕ್ರೂ ಹಿಡಿಯುತ್ತದೆ, ಸ್ಕ್ರೂವನ್ನು ಪರ್ಲಿನ್, ಪರ್ಲಿನ್ನನ್ನು ರಾಫ್ಟರ್ ಅಥವಾ ಟ್ರಸ್, ಅದನ್ನು ಕಂಬ, ಕಂಬವನ್ನು ಬೇಸ್ ಪ್ಲೇಟಿನ ಬೋಲ್ಟು, ಬೋಲ್ಟನ್ನು ಪಾಯದ ಕಾಂಕ್ರೀಟು. ಒಂದು ಕೊಂಡಿ ಸಡಿಲವಾದರೂ ಉಳಿದದ್ದು ಗಟ್ಟಿಯಿದ್ದು ಫಲವಿಲ್ಲ.

ಜನ ಹಣ ಉಳಿಸಲು ಮೊದಲು ಬಿಡುವುದು ಕಂಬಗಳ ನಡುವಿನ ಅಡ್ಡಪಟ್ಟಿಯನ್ನು, ಅಂದರೆ ಬ್ರೇಸಿಂಗನ್ನು. ನಾಲ್ಕು ಕಡ್ಡಿಯ ಚೌಕಟ್ಟನ್ನು ಒತ್ತಿದರೆ ವಾಲುತ್ತದೆ; ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ಮೂರು ಬಾಹು ನಿಶ್ಚಯವಾದರೆ ತ್ರಿಕೋನವೂ ನಿಶ್ಚಯ. ಇದೇ ಶಾಲೆಯಲ್ಲಿ ಉರು ಹೊಡೆದ ಬಾ.ಬಾ.ಬಾ. ನಿಯಮವೇ ಶೆಡ್ಡನ್ನು ನಿಲ್ಲಿಸುವುದು.

ಸೂರಿನ ಆಕಾರದಲ್ಲೂ ಆಯ್ಕೆಯಿದೆ. ಒಂದೇ ಇಳಿಜಾರಿನದು ಅಗ್ಗ, ಚಿಕ್ಕ ಕೋಣೆಗೆ ಸಾಕು. ಎರಡು ಇಳಿಜಾರಿನದು ಅಗಲವಾದ ಹಾಲಿಗೆ ಸರಿ. ಮಧ್ಯದ ಏಣಿನಲ್ಲಿ ಕಿಂಡಿ ಬಿಟ್ಟರೆ ಬಿಸಿಗಾಳಿ ಹೊರಹೋಗುತ್ತದೆ. ನಾಲ್ಕೂ ಕಡೆ ಇಳಿಯುವ ಸೂರು ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ, ಖರ್ಚು ಹೆಚ್ಚು. ಕಮಾನಿನ ಶೀಟು ನೋಡಲು ಚಂದ, ಬಾಗಿಸಲು ಯಂತ್ರ ಬೇಕು. ನಮ್ಮ ಹಾಲಿಗೆ ಎರಡು ಇಳಿಜಾರು ಸಾಕೆಂದು ನನ್ನ ಅಭಿಪ್ರಾಯ.

ಸಂಘದವರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ಎಂಜಿನಿಯರ್ ಸಹಿ ಮಾಡಿದ ನಕ್ಷೆ, ಆಮೇಲೆ ವೆಲ್ಡರ್. ಅಂಚು, ಮೂಲೆ, ಏಣುಗಳಲ್ಲಿ ಹೀರುವಿಕೆ ಹೆಚ್ಚು. ಅಲ್ಲಿ ಸ್ಕ್ರೂಗಳು ಹತ್ತಿರ ಹತ್ತಿರ ಇರಲಿ. ಶೀಟಿನ ಕೆಳಗೆ ಶಾಖ ತಡೆಯುವ ಪದರವಿರಲಿ. ಮಳೆಯ ಸದ್ದೂ ತಗ್ಗುತ್ತದೆ. ಪ್ರತಿವರ್ಷ ಮಾರ್ಚಿಯಲ್ಲಿ ಒಬ್ಬರು ಏಣಿ ಹತ್ತಿ ಸ್ಕ್ರೂ, ತುಕ್ಕು ನೋಡುವ ಹೊಣೆ ಹೊರಲಿ. ಹಣ ಕಡಿಮೆಬಿದ್ದರೆ ಹಾಲ್ ಚಿಕ್ಕದಾಗಲಿ, ಬ್ರೇಸಿಂಗ್ ಕಡಿಮೆಯಾಗುವುದು ಬೇಡ. ಆ ಸೂರಿನ ಕೆಳಗೆ ತಟ್ಟೆ ಹಿಡಿದು ಕೂರುವವರು ನಮ್ಮ ಮಕ್ಕಳು.

ನಕ್ಷೆಯ ಲೆಕ್ಕವನ್ನು ನಾನು ಉಚಿತವಾಗಿ ಪರಿಶೀಲಿಸಿಕೊಡುತ್ತೇನೆ. ಲೆಕ್ಕ ಕಲಿಸಿದ ಶಾಲೆಗೆ ಲೆಕ್ಕದಿಂದಲೇ ಸಲ್ಲಿಸುವ ಸೇವೆ ಇದು.