ಸ್ವಂತ ಎಂಜಿನಿಯರಿಂಗ್ ಘಟಕ: ಯಾವ ಅರ್ಹತೆ, ಯಾರಿಗೆ?



ಮುಂಬಯಿ, ಪುಣೆ, ಹೈದರಾಬಾದ್‌ಗಳ ಕೈಗಾರಿಕಾ ವಸಾಹತುಗಳಲ್ಲಿ ಲೇತ್ ಹಾಗೂ ಮಿಲ್ಲಿಂಗ್ ಯಂತ್ರಗಳ ಮುಂದೆ ಹತ್ತು ಹದಿನೈದು ವರ್ಷ ದುಡಿದು ನುರಿತ ಕನ್ನಡಿಗರಿದ್ದಾರೆ. ಸ್ವಂತ ಘಟಕದ ಮಾತು ಬಂದೊಡನೆ "ನಮಗೆ ಡಿಗ್ರಿ ಇಲ್ಲವಲ್ಲ" ಎಂದು ಹಿಂದೆ ಸರಿಯುವವರೂ ಇವರಲ್ಲಿ ಉಂಟು. ಈ ಅಳುಕಿಗೆ ಕಾನೂನಿನಲ್ಲಿ ಆಧಾರವಿಲ್ಲ.

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕದ ಒಡೆಯನು ಎಂಜಿನಿಯರಿಂಗ್ ಪದವೀಧರನಾಗಿರಬೇಕೆಂಬ ನಿಯಮವಿಲ್ಲ. ಸಣ್ಣ ಉದ್ದಿಮೆಗಳಿಗಾಗಿ 2020ರ ಜುಲೈ 1ರಂದು ಜಾರಿಗೆ ಬಂದ 'ಉದ್ಯಮ್' ನೋಂದಣಿಗೆ ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳೊಡನೆ ಸ್ವಯಂ ಘೋಷಣೆ ಸಾಕು. ವಿದ್ಯಾರ್ಹತೆಯ ಪ್ರಮಾಣಪತ್ರ ಬೇಕಿಲ್ಲ. ಶುಲ್ಕವೂ ಇಲ್ಲ. ಇದಕ್ಕೂ ಹಣ ಕೇಳುವ ದಲ್ಲಾಳಿಗಳುಂಟು, ಕೊಡಬೇಕಾಗಿಲ್ಲ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವು ಸಹಾಯಧನ ಕೊಡುವಾಗಲೂ, ಹತ್ತು ಲಕ್ಷ ರೂಪಾಯಿ ಮೀರಿದ ತಯಾರಿಕಾ ಯೋಜನೆಗಳಿಗೆ ನಿಗದಿಪಡಿಸಿದ್ದು ಎಂಟನೆಯ ತರಗತಿಯ ತೇರ್ಗಡೆಯನ್ನು ಮಾತ್ರ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಗೆ ಹೋದದ್ದು ಚಿತ್ರಕಲೆ ಕಲಿಯಲೆಂದು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷದಿಂದ ಅದು ಕೈಬಿಟ್ಟಿತು. ಯಂತ್ರಗಳ ನಕ್ಷೆ ಬರೆಯುವ ವಿದ್ಯೆ ಕೈಹಿಡಿಯಿತು. ಅದನ್ನೇ ಬೋಧಿಸುತ್ತ, ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ ಕಲಿತ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ ಕಬ್ಬಿಣದ ನೇಗಿಲಿನವರೆಗೆ ಬಂದರು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂದು ರೈತರು ಮೊದಲು ಅದನ್ನು ಮುಟ್ಟಲಿಲ್ಲ. ಆದರೂ 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆ ತಲೆಯೆತ್ತಿತು. ಅವರ ಬಳಿ ಎಂಜಿನಿಯರಿಂಗ್ ಪದವಿ ಇರಲಿಲ್ಲ, ನಕ್ಷೆಯ ಜ್ಞಾನವಿತ್ತು. ಆ ಜ್ಞಾನವಿಲ್ಲದವರು ಅದನ್ನು ಕಲಿಯಲೇಬೇಕು. ಹೈದರಾಬಾದಿನ ಬಾಲಾನಗರದಲ್ಲಿ 1968ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು ಇದಕ್ಕೆ ಅಲ್ಪಾವಧಿ ತರಬೇತಿಗಳನ್ನೂ ನಡೆಸುತ್ತದೆ.

ಹಾಗೆಂದು ಎಲ್ಲ ಕೆಲಸಕ್ಕೂ ಅನುಭವವೇ ಸಾಲದು. ವಿದ್ಯುತ್ ಗುತ್ತಿಗೆಗೆ ರಾಜ್ಯ ಸರ್ಕಾರದ ಪರವಾನಗಿಯೂ ಅರ್ಹ ಮೇಲ್ವಿಚಾರಕನೂ ಬೇಕು. ಬಾಯ್ಲರ್‌ಗೆ ಬೆಸುಗೆ ಹಾಕುವವನು ಪರೀಕ್ಷೆಯಲ್ಲಿ ಉತ್ತೀರ್ಣನಾದ ವೆಲ್ಡರ್ ಆಗಿರಬೇಕು. 1972ರ ಕಾಯಿದೆಯಂತೆ ನೋಂದಾಯಿಸಿಕೊಳ್ಳದವನು 'ಆರ್ಕಿಟೆಕ್ಟ್' ಎಂದು ಫಲಕ ಹಾಕುವಂತಿಲ್ಲ. ಇಂಥಲ್ಲಿ ಅರ್ಹರನ್ನು ನೇಮಿಸಿಕೊಳ್ಳಬಹುದು. ಅವರ ಪ್ರಮಾಣಪತ್ರವನ್ನಷ್ಟೇ ಬಾಡಿಗೆಗೆ ಪಡೆದು ಕೆಲಸ ತಾನೇ ಮಾಡುವುದು ಅಪರಾಧಕ್ಕೂ ಅಪಘಾತಕ್ಕೂ ದಾರಿ.

ಇನ್ನೊಂದು ಅರ್ಹತೆಯನ್ನು ಯಾವ ಅಧಿಕಾರಿಯೂ ಕೇಳುವುದಿಲ್ಲ: ವೆಚ್ಚದ ಲೆಕ್ಕ. ಸಾಲದ ಕಂತು, ಬಾಡಿಗೆ, ವಿದ್ಯುತ್, ವೇತನ ಸೇರಿ ಒಂದು ಯಂತ್ರಕ್ಕೆ ತಿಂಗಳಿಗೆ 80,000 ರೂಪಾಯಿ ತಗಲುತ್ತದೆ, ಅದು ಓಡುವುದು 160 ಗಂಟೆ ಎಂದು ಭಾವಿಸಬಹುದು. ಅಲ್ಲಿಗೆ ಗಂಟೆಗೆ 500 ರೂಪಾಯಿ. ಗಂಟೆಗೆ ಹತ್ತು ಬಿಡಿಭಾಗ ತಯಾರಾದರೆ ಒಂದಕ್ಕೆ 50 ರೂಪಾಯಿ. ನೂರಕ್ಕೆ ಐದು ಅಳತೆ ತಪ್ಪಿ ತಿರಸ್ಕೃತವಾದರೆ ಉಳಿದವುಗಳ ಅಸಲು 52 ರೂಪಾಯಿ ದಾಟುತ್ತದೆ. ಲಾಭ ಇನ್ನೂ ಸೇರಿಲ್ಲ. ಪಕ್ಕದವನು 45ಕ್ಕೆ ಒಪ್ಪಿದನೆಂದು ತಾನೂ ಒಪ್ಪಿಕೊಂಡವನ ಯಂತ್ರ ಬಿಡುವಿಲ್ಲದೆ ಓಡುತ್ತದೆ, ಮನೆಯ ಒಡವೆ ಮಾತ್ರ ಒಂದೊಂದಾಗಿ ಅಡವಿಗೆ ಹೋಗುತ್ತದೆ. ಕೈಕೆಲಸದಲ್ಲಿ ಗಟ್ಟಿಗರಾದವರೇ ಇಲ್ಲಿ ಎಡವುವುದುಂಟು, ಏಕೆಂದರೆ ನೌಕರಿಯಲ್ಲಿದ್ದಾಗ ಈ ಲೆಕ್ಕ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ನೌಕರಿ ಬಿಡುವ ಮೊದಲೇ ಇದನ್ನು ಬರೆದು ನೋಡಬೇಕು.

ಬೆಲೆ ಸರಿಯಿದ್ದರೂ ಹಣ ಕೈಸೇರದೆ ಮುಚ್ಚಿದ ಘಟಕಗಳುಂಟು. 2006ರ ಕಾಯಿದೆಯ ಪ್ರಕಾರ, ಅತಿಸಣ್ಣ ಹಾಗೂ ಸಣ್ಣ ಘಟಕದಿಂದ ಸರಕು ಪಡೆದವರು ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಪಾವತಿ ಮಾಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ರಕ್ಷಣೆ ಬೇಕಾದವರು ಮೊದಲ ಸರಕು ಕಳುಹಿಸುವ ಮುನ್ನವೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದು ಲೇಸು. ಕೆಲಸದ ಆದೇಶ ಲಿಖಿತವಾಗಿರಲಿ, ಸರಕು ತಲುಪಿದ್ದಕ್ಕೆ ಚಲನ್ ಮೇಲೆ ದಿನಾಂಕಸಹಿತ ಸಹಿ ಇರಲಿ.