ಕೀವು ತರುವ ಗೊಂಚಲು ರೋಗಾಣು



ಕುರು, ಉಗುರುಸುತ್ತು, ಕೀವು ತುಂಬಿದ ಗಾಯ ನಿಮಗೆಲ್ಲ ಗೊತ್ತು. ಇವಕ್ಕೆ ಬಹುಮಟ್ಟಿಗೆ ಕಾರಣ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಗುಂಪು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್ಟನ್ 1880ರಲ್ಲಿ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇವು ದ್ರಾಕ್ಷಿ ಗೊಂಚಲಿನಂತೆ ಕಂಡವು. ಆ ಅರ್ಥ ಬರುವ ಗ್ರೀಕ್ ಹೆಸರನ್ನೇ 1882ರಲ್ಲಿ ಅವರು ಇಟ್ಟರು.

ಈ ಗುಂಪಿನಲ್ಲಿ ಹೆಚ್ಚು ತೊಂದರೆ ಕೊಡುವುದು 'ಆರಿಯಸ್' ಎಂಬ ಬಗೆ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ಯಾವ ಕಾಯಿಲೆಯನ್ನೂ ಮಾಡದೆ ಇರುತ್ತದೆ. ಒಣಗಿದ ಟವೆಲ್ಲಿನ ಮೇಲೂ ಹಲವು ದಿನ ಬದುಕುತ್ತದೆ. ಚರ್ಮ ಒಡೆದರೆ ಸಾಕು, ಒಳಗೆ ನುಗ್ಗುತ್ತದೆ.

ರಾಮನಗರ, ಕನಕಪುರದ ಕಡೆ ರೇಷ್ಮೆ ನೂಲು ಬಿಚ್ಚುವವರು ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದುತ್ತಾರೆ. ನೆನೆದು ಬಿರಿದ ಬೆರಳು ರೋಗಾಣುವಿಗೆ ತೆರೆದ ಬಾಗಿಲು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ. ಹಸುವಿನ ಕೆಚ್ಚಲು ಬಾವಿಗೂ ಇದೇ ರೋಗಾಣು ಕಾರಣವಾಗುವುದುಂಟು. ಹಾಲು ಕರೆಯುವ ಮೊದಲೂ ಆಮೇಲೂ ಕೈ ತೊಳೆಯಿರಿ.

ಕೈಯಲ್ಲಿ ಕುರು ಇದ್ದವರು ಅಡುಗೆಗೆ ನಿಲ್ಲಬಾರದು. ಅಡುಗೆ ಹೊರಗೇ ಉಳಿದರೆ ಅದರಲ್ಲಿ ಈ ರೋಗಾಣು ಬೆಳೆದು ವಿಷ ಬಿಡುತ್ತದೆ. ಮತ್ತೆ ಕುದಿಸಿದರೆ ರೋಗಾಣು ಸಾಯುತ್ತದೆ, ವಿಷ ಹೋಗುವುದಿಲ್ಲ. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ.

ಕುರುವನ್ನು ಹಿಸುಕಬೇಡಿ. ಮೂಗು, ಮೇಲ್ದುಟಿಯ ಬಳಿಯದನ್ನಂತೂ ಮುಟ್ಟಲೇಬೇಡಿ. ಗಾಯಕ್ಕೆ ಬೂದಿ, ಸಗಣಿ ಹಚ್ಚಬೇಡಿ. ಸೋಂಕು ರಕ್ತಕ್ಕೆ ಸೇರಿದರೆ ಮೂಳೆ, ಶ್ವಾಸಕೋಶ, ಹೃದಯದ ಕವಾಟಕ್ಕೂ ಹೋಗಿ ಪ್ರಾಣಕ್ಕೇ ಕುತ್ತಾಗಬಹುದು. ಚಳಿಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ, ನೋವು ಮಿತಿಮೀರಿದರೆ ಕೂಡಲೇ ವೈದ್ಯರ ಬಳಿ ಬನ್ನಿ. ಸಕ್ಕರೆ ಕಾಯಿಲೆ ಇರುವವರು ಮತ್ತು ಹಸುಗೂಸಿನ ತಾಯಂದಿರು ಒಂದು ದಿನವೂ ಕಾಯಬಾರದು.

ವಾರ್ಡಿನಲ್ಲಿರುವ ಬಂಧುಗಳೇ, ನಿಮ್ಮ ಕೈಯೇ ರೋಗಿಗೆ ಕಾವಲು. ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸೋಪು ಹಚ್ಚಿ, ಇಪ್ಪತ್ತು ಎಣಿಸುವಷ್ಟು ಹೊತ್ತು ಉಜ್ಜಿ ತೊಳೆಯಿರಿ. ಹೊಲಿಗೆಯ ಪಟ್ಟಿಯನ್ನು ಬಿಚ್ಚಿ ನೋಡಬೇಡಿ. ಡ್ರಿಪ್ ಹಾಕಿದ ಜಾಗ ಕೆಂಪಾದರೆ, ಊದಿದರೆ ಸಿಸ್ಟರ್‌ಗೆ ತಿಳಿಸಿ. ಒಬ್ಬರ ಟವೆಲ್, ಬ್ಲೇಡು ಇನ್ನೊಬ್ಬರಿಗೆ ಬೇಡ.

ಕೊನೆಯದಾಗಿ ಮಾತ್ರೆಯ ವಿಷಯ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ ಪೆನಿಸಿಲಿನ್ ಸಿಕ್ಕಿದ್ದು ಇದೇ ರೋಗಾಣು ಬೆಳೆಸಿದ ತಟ್ಟೆಯಲ್ಲಿ. ಈಗ ಈ ಜಾತಿಯ ಬಹುಪಾಲು ರೋಗಾಣುಗಳು ಆ ಪೆನಿಸಿಲಿನ್‌ಗೆ ಜಗ್ಗುವುದಿಲ್ಲ. ಮೆಥಿಸಿಲಿನ್ ಎಂಬ ಹೊಸ ಔಷಧಿಗೂ ಬಗ್ಗದ ತಳಿ ಇಂಗ್ಲೆಂಡಿನಲ್ಲಿ 1961ರಲ್ಲೇ ಕಂಡಿತು. ಬೇಕಾಬಿಟ್ಟಿ ಔಷಧಿ ನುಂಗಿದಷ್ಟೂ ಇಂಥ ತಳಿಗಳು ಹೆಚ್ಚುತ್ತವೆ. ಆದ್ದರಿಂದ ಅಂಗಡಿಯಲ್ಲಿ ಕೇಳಿ ಎರಡು ಮಾತ್ರೆ ತಂದು ನುಂಗಬೇಡಿ. ವೈದ್ಯರು ಬರೆದುಕೊಟ್ಟಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಡಬೇಡಿ.

ಇಂದು ಕೇಳಿದ್ದನ್ನು ಮನೆಗೆ ಹೋಗಿ ನಾಲ್ಕು ಜನಕ್ಕೆ ಹೇಳಿ. ಎಲ್ಲರೂ ಬೇಗ ಗುಣಮುಖರಾಗಿ ಮನೆ ಸೇರಲಿ.